ಎಡಹೆಗಲ ಬೆಲ್ಟು

"ಉಸಿರು ಬಿಡಿ ಸಾರ್. ಹೊಟ್ಟೆ ಒಳಗೆ ಎಳ್ಕೊಂಡು ಕೂತ್ರೆ ನಾನು ಯಾರ ಅಳತೆಗೆ ಬೆಲ್ಟು ಬಿಗೀಲಿ?"

ಅವನು ಉಸಿರು ಬಿಟ್ಟ. ಬಿಟ್ಟೆನೆಂದುಕೊಂಡ. ಫಿಟ್ಟರ್ ಸೀಟಿನ ಅಂಚಿಗೆ ಮೊಣಕಾಲು ಕೊಟ್ಟು ಬಲಹೆಗಲ ಬೆಲ್ಟನ್ನು ಎರಡು ಕೈಯಲ್ಲೂ ಜಗ್ಗಿದ. ಫಿಟ್ಟರ್‌ನ ಬಾಯಿಂದ ಚಹಾದ ವಾಸನೆ ಬರುತ್ತಿತ್ತು. ಮುಖದ ಹತ್ತಿರವೇ ಇನ್ನೊಂದು ಮುಖ ಬಂದು ಬೆವರುತ್ತಿರುವಾಗ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಅವನು ಕೆಳಗೆ ನೋಡಿದ. ತೊಡೆಗಳ ನಡುವೆ ಹಳದಿ ಹಿಡಿಕೆ. ಹಿಡಿಕೆ ಎಳೆಯಲಾಗದಂತೆ ಪಕ್ಕದಲ್ಲಿ ಚುಚ್ಚಿಟ್ಟ ಒಂದು ಪಿನ್ನು. ಪಿನ್ನಿಗೆ ಕೆಂಪು ರಿಬ್ಬನ್ನು.

"ಇದಕ್ಕೆ ಮದ್ದು ತುಂಬಿಬಿಟ್ಟಿದ್ದಾರಾ?" ಎಂದು ಕೇಳಿದ. ಕೇಳುವಾಗ ನಗುತ್ತಿದ್ದ.

"ನಿನ್ನೇನೇ ತುಂಬಿದ್ರು. ನಾಳೆ ಹಾರಾಟ ಅಲ್ವಾ, ಎಲ್ಲಾರಿಗೂ ಅವಸರ. ನೀವೇನೂ ಯೋಚ್ನೆ ಮಾಡ್ಬೇಡಿ. ಪಿನ್ನು ಇರೋ ತನಕ ನಿಮ್ಮನೆ ಸೋಫಾದಲ್ಲಿ ಕೂತ ಹಾಗೆ."

"ನಮ್ಮನೆ ಸೋಫಾ ಮಾಳಿಗೆ ಹಾರಿಸಲ್ಲ."

"ಅಮ್ಮಾವ್ರನ್ನ ಕೇಳ್ಬೇಕು ಅದನ್ನ!" ಎಂದು ಫಿಟ್ಟರ್ ಗಹಗಹಿಸಿದ.

ಹಾರುವಾಗ ವಿಮಾನ ಕೈಕೊಟ್ಟರೆ ಚಾಲಕ ಆ ಹಳದಿ ಹಿಡಿಕೆಯನ್ನು ಎಳೆಯಬೇಕು. ಸೀಟಿನ ಅಡಿಯ ಮದ್ದು ಸಿಡಿದು ಅವನನ್ನು ಸೀಟಿನ ಸಮೇತ ಆಕಾಶಕ್ಕೆ ಎಸೆಯುತ್ತದೆ. ಆಮೇಲೆ ಪ್ಯಾರಾಚೂಟು, ಆಮೇಲೆ ನೆಲ, ಆಮೇಲೆ ದೇವರು ಇಟ್ಟಂತೆ. ಆ ಸೀಟನ್ನು ಹೊಸ ವಿಮಾನಕ್ಕಾಗಿ ಮಾಡುವ ತಂಡದಲ್ಲಿ ಅವನು ಇಂಜಿನಿಯರ್. ಪರೀಕ್ಷೆಗೆ ಕೂರಿಸುವ ಗೊಂಬೆಯನ್ನು ಮಾಡಿಸಿದ್ದು ಅವನ ಅಳತೆಗೆ. ಕೆಲವು ವರ್ಷಗಳ ಹಿಂದೆ ಇಲಾಖೆಯವರನ್ನೆಲ್ಲ ನಿಲ್ಲಿಸಿ, ಕೂರಿಸಿ, ತೂಗಿ, ಟೇಪು ಹಿಡಿದು ನೋಡಿದಾಗ ಎತ್ತರದಲ್ಲಿ, ತೂಕದಲ್ಲಿ, ಕತ್ತಿನ ಸುತ್ತಳತೆಯಲ್ಲಿ, ಎಲ್ಲದರಲ್ಲೂ ಸರಾಸರಿಗೆ ಸರಿಯಾಗಿ ಕೂತವನು ಅವನೊಬ್ಬನೇ. ಆ ದಿನ ಅವನು ಮನೆಗೆ ಸಿಹಿ ಕೊಂಡೊಯ್ದಿದ್ದ. ಯಾಕೆಂದು ಹೆಂಡತಿ ಕೇಳಿದಾಗ ವಿವರಿಸಲು ಆಗಿರಲಿಲ್ಲ.

ಗೊಂಬೆಗೆ ಕೆಲಸದವರು ತಮ್ಮಯ್ಯ ಎಂದು ಹೆಸರಿಟ್ಟಿದ್ದರು. ಇಂಜಿನಿಯರ್ ಬೆನ್ನ ಹಿಂದೆ ಅವನನ್ನು ಅಣ್ಣಯ್ಯ ಎನ್ನುತ್ತಿದ್ದರು.

ತಮ್ಮಯ್ಯನಿಗೆ ಬಾಯಿಲ್ಲ. ಬೆಲ್ಟು ಎಲ್ಲಿ ಸಡಿಲ, ಎಲ್ಲಿ ಒತ್ತುತ್ತದೆ ಎಂದು ಅವನು ಹೇಳಲಾರ. ಹಾಗಾಗಿ ಪ್ರತಿ ಪರೀಕ್ಷೆಗೂ ಮೊದಲು ಅಣ್ಣಯ್ಯ ಕೂರಬೇಕು, ಬೆಲ್ಟು ಕಟ್ಟಿಸಿಕೊಳ್ಳಬೇಕು, ಸರಿಯಾಯಿತೆಂದು ಬಾಯಿಬಿಟ್ಟು ಹೇಳಬೇಕು. ಬೆಲ್ಟುಗಳನ್ನು ಅದೇ ಅಳತೆಗೆ ಗುರುತು ಮಾಡಿ, ಅವನನ್ನು ಇಳಿಸಿ, ತಮ್ಮಯ್ಯನನ್ನು ಕೂರಿಸುತ್ತಾರೆ. ಮದ್ದು ತುಂಬುವುದು ಅದಾದ ಮೇಲೆ. ಇದು ಇಲ್ಲಿಯ ಕ್ರಮ. ಇಂದು ಕ್ರಮ ಹಿಂದುಮುಂದಾಗಿತ್ತು.

ಇಳಿಯುತ್ತೇನೆ ಎನ್ನಬಹುದಿತ್ತು. ಮದ್ದು ತೆಗೆಸಿ, ಆಮೇಲೆ ಕೂರುತ್ತೇನೆ ಎನ್ನಬಹುದಿತ್ತು. ಹಾಗೆಂದರೆ ಫಿಟ್ಟರ್ ಏನೂ ಅನ್ನುತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಇಡೀ ಶೆಡ್ಡು ನಗುತ್ತಿತ್ತು.

ಫಿಟ್ಟರ್ ಎಡಕ್ಕೆ ಬಂದ. ಬರುವಾಗ ಅವನ ಅಂಗಿಯ ಚುಂಗು ಕೆಂಪು ರಿಬ್ಬನ್ನಿಗೆ ತಾಗಿತು. ರಿಬ್ಬನ್ನು ಅಲ್ಲಾಡಿತು. ಅಷ್ಟೇ. ಪಿನ್ನು ಇದ್ದಲ್ಲೇ ಇತ್ತು.

ಸೀಟಿನಲ್ಲಿ ಕೂತಿದ್ದವನ ಕಿವಿಯೊಳಗೆ ಗುಂಯ್ ಎಂದಿತು. ಕಾಲು ಎಲ್ಲಿದೆ, ಬೆನ್ನು ಎಲ್ಲಿದೆ ಎಂಬುದೇ ಮರೆತುಹೋಯಿತು. ಮೈ ಎಂಬುದನ್ನು ಯಾರೋ ಕೊಡವಿ ಖಾಲಿ ಮಾಡಿ ಸೀಟಿನ ಮೇಲೆ ಇಟ್ಟುಹೋದಂತೆ. ಎಲ್ಲೋ ದೂರದಲ್ಲಿ ಫಿಟ್ಟರ್ ಏನನ್ನೋ ಎಳೆಯುತ್ತಿದ್ದ, ಏನನ್ನೋ ಕೇಳುತ್ತಿದ್ದ.

"ಎಡಗಡೆ? ಸಾರ್? ಸರೀನಾ?"

"ಸರಿ."

"ಇನ್ನೊಂದ್ಸಲ ಎಳೀಲಾ?"

"ಸರಿ ಇದೆ ಅಂದ್ನಲ್ಲ. ಬಿಚ್ಚು."

ಇಳಿದು ನೆಲದ ಮೇಲೆ ನಿಂತಾಗ ನೆಲ ಗಟ್ಟಿಯಾಗಿತ್ತು. ಅವನು ಕರವಸ್ತ್ರ ತೆಗೆದು ಕನ್ನಡಕ ಒರೆಸಿದ. ಕನ್ನಡಕ ಶುಭ್ರವಾಗಿಯೇ ಇತ್ತು.

ಪರೀಕ್ಷೆ ಬಯಲಿನಲ್ಲಿ. ಉದ್ದಕ್ಕೆ ಹಾಸಿದ ಹಳಿ, ಹಳಿಯ ಮೇಲೆ ಬಂಡಿ, ಬಂಡಿಯ ಮೇಲೆ ವಿಮಾನದ ಮೂತಿಯಷ್ಟನ್ನು ಕತ್ತರಿಸಿ ಕೂರಿಸಿದ್ದರು. ಹಿಂದೆ ರಾಕೆಟ್ಟುಗಳು. ಅವು ಹೊತ್ತಿಕೊಂಡು ಬಂಡಿಯನ್ನು ವಿಮಾನದ ವೇಗಕ್ಕೆ ಓಡಿಸಬೇಕು; ಓಡುತ್ತಿರುವಾಗಲೇ ಸೀಟು ಸಿಡಿದು ಮೇಲೇಳಬೇಕು. ನೋಡುವವರೆಲ್ಲ ದಪ್ಪ ಗೋಡೆಯ ಕೋಣೆಯಲ್ಲಿ, ಅದಕ್ಕಿಂತ ದಪ್ಪ ಗಾಜಿನ ಹಿಂದೆ.

ಎಣಿಕೆ ಶುರುವಾದಾಗಲೆಲ್ಲ ಅವನ ತುಟಿ ತಾನಾಗಿ ಅಲುಗುತ್ತಿತ್ತು. ಅದು ತಾಯಿ ಕಲಿಸಿದ ಅಭ್ಯಾಸ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಕೂತು ದೇವರಿಗೆ, ಈ ಮೈ ನಿನ್ನದು, ಇವತ್ತು ನೀನೇ ನೋಡಿಕೋ, ಎನ್ನಬೇಕು. ಅವಳು ಸಾಯುವ ದಿನವೂ ಹಾಗೆಂದೇ ಎದ್ದಿದ್ದಳು. ಮುಖದಲ್ಲಿ ಅಂಜಿಕೆಯ ಎಳೆಯೂ ಇರಲಿಲ್ಲ. ಅವನಿಗೆ ಆ ಮಾತು ಉಳಿದುಕೊಂಡಿತ್ತು, ಒಪ್ಪಿಸುವುದು ಹೇಗೆಂಬುದು ಉಳಿದುಕೊಂಡಿರಲಿಲ್ಲ. ಈ ಮೈ ನಿನ್ನದು, ಎಂದ ಅವನ ತುಟಿ ಇಂದು ಅಲ್ಲಿಗೇ ನಿಂತಿತು. ಯಾವ ಮೈ? ಗಾಜಿನ ಆಚೆ ಬೆಲ್ಟು ಬಿಗಿದು ಕೂತಿರುವುದೋ, ಈಚೆ ಕೈಕಟ್ಟಿ ನಿಂತಿರುವುದೋ? ದೇವರಿಗೂ ಗೊಂದಲವಾದೀತು.

ಬಯಲು ಬೆಳಗಿತು. ಸದ್ದು ಆಮೇಲೆ ಬಂತು. ಬಂಡಿ ಇದ್ದ ಜಾಗದಲ್ಲಿ ಹೊಗೆ ಇತ್ತು. ಹೊಗೆಯ ಮುಂದೆ, ತುಂಬಾ ಮುಂದೆ, ಕಪ್ಪಗೆ ಏನೋ ಒಂದು ಮೇಲಕ್ಕೆ ಚಿಮ್ಮಿತು. ಪ್ಯಾರಾಚೂಟು ಅರಳಿತು. ಯಾರೋ ಚಪ್ಪಾಳೆ ತಟ್ಟಿದರು.

ಪ್ಯಾರಾಚೂಟು ನಿಧಾನವಾಗಿ ಇಳಿಯಿತು. ಗಾಳಿ ಅದನ್ನು ಓರೆಯಾಗಿ ಎಳೆದೊಯ್ದು ಹಳಿಯಾಚೆಯ ಕಲ್ಲುಗಳ ಮೇಲೆ ಬೀಳಿಸಿತು. ಎಲ್ಲರೂ ಜೀಪು ಹತ್ತಿ ಹೋದರು. ಅವನೂ ಹೋದ.

ತಮ್ಮಯ್ಯ ಅಂಗಾತ ಬಿದ್ದಿದ್ದ. ಎದೆ ಆಕಾಶದ ಕಡೆಗಿತ್ತು. ಮುಖ ನೆಲದ ಕಡೆಗಿತ್ತು.

ಫಿಟ್ಟರ್ ಒಬ್ಬನೇ ಟೋಪಿ ತೆಗೆದು, "ಏನಯ್ಯಾ ತಮ್ಮಯ್ಯ, ಅಣ್ಣನ ಮುಖ ನೋಡಲ್ಲ ಅಂತ ಮುನಿಸ್ಕೊಂಡ್ಯಾ?" ಎಂದ. ಒಬ್ಬಿಬ್ಬರು ನಕ್ಕರು. ಅಣ್ಣಯ್ಯನೂ ನಕ್ಕ. ನಗುತ್ತಾ ಕತ್ತು ಮುಟ್ಟಿಕೊಂಡ. ಮುಟ್ಟಿಕೊಂಡದ್ದನ್ನು ಎಲ್ಲರೂ ನೋಡಿದರು.

ಮಧ್ಯಾಹ್ನ ಮುಖ್ಯಸ್ಥರ ಕೋಣೆಗೆ ಕರೆ ಬಂತು.

ಮುಖ್ಯಸ್ಥರು ದನಿ ಎತ್ತುವವರಲ್ಲ. ಪರದೆ ಎಳೆದು, ದೀಪ ಆರಿಸಿ, ಪರೀಕ್ಷೆಯ ಚಿತ್ರವನ್ನು ತುಂಬಾ ನಿಧಾನವಾಗಿ ಓಡಿಸಿದರು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿದದ್ದು ಗೋಡೆಯ ಮೇಲೆ ಮುಗಿಯಲೇ ಇಲ್ಲ. ಸೀಟು ಬೆರಳಷ್ಟು ಬೆರಳಷ್ಟೇ ಏರಿತು. ಗೊಂಬೆಯ ಎಡಹೆಗಲು ಸೀಟಿನಿಂದ ಬಿಟ್ಟುಕೊಂಡು ಮುಂದೆ ಬಂತು. ಮೈ ತಿರುಚಿತು. ಗಾಳಿ ತಲೆಯನ್ನು ಹಿಡಿದುಕೊಂಡಿತು.

"ಸಾಕು ಸಾರ್," ಎಂದ ಅವನು.

ಮುಖ್ಯಸ್ಥರು ನಿಲ್ಲಿಸಿದರು. ದೀಪ ಹಾಕಲಿಲ್ಲ. "ಎಡಹೆಗಲು ಬಿಟ್ಕೊಂಡಿದೆ. ಎರಡೇ ಕಾರಣ ಇರೋಕೆ ಸಾಧ್ಯ. ಬೆಲ್ಟು ಮೊದಲೇ ಸಡಿಲ ಇತ್ತು. ಇಲ್ಲಾ, ಬೆಲ್ಟು ಸರಿ ಇದ್ದು ಅದನ್ನ ಹಿಡಿದಿಡೋ ಸೀಟಿನ ಹಿಂದಿನ ಬೀಗ ಜಾರಿದೆ."

"ಬಕ್ಕಲ್ ನೋಡಿದ್ರೆ ಗೊತ್ತಾಗುತ್ತೆ."

"ಕಲ್ಲಿನ ಮೇಲೆ ಬಿದ್ದು ಪುಡಿ ಆಗಿದೆ. ಬೀಗಾನೂ ಅಷ್ಟೇ."

ಮುಖ್ಯಸ್ಥರು ಅವನ ಕಡೆಗೆ ತಿರುಗಿದರು.

"ಬೆಲ್ಟು ಸಡಿಲ ಇತ್ತು ಅಂದ್ರೆ ಅದು ಮನುಷ್ಯನ ತಪ್ಪು. ಫಿಟ್ಟರ್‌ನ ಬೇರೆ ಕಡೆ ಹಾಕೋಣ, ನಾಳೆ ಇನ್ನೊಬ್ಬ ಬಿಗೀತಾನೆ. ಹಾರಾಟ ನಡೆಯುತ್ತೆ. ಬೀಗ ಜಾರಿದೆ ಅಂದ್ರೆ ಸೀಟಿನ ತಪ್ಪು. ಎಲ್ಲಾ ನಿಲ್ಲಿಸ್ಬೇಕು. ನಾಳೆ ಯಾರ್ಯಾರು ನೋಡೋಕೆ ಬರ್ತಿದ್ದಾರೆ ಅಂತ ನಿಮಗೆ ಗೊತ್ತಿದೆ." ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಾಳೆ ಹಾರೋದು ನಿಮ್ಮ ಭಾವಮೈದ. ಆಕಾಶದಲ್ಲಿ ಎಂಜಿನ್ ಆರಿಸಿ ಮತ್ತೆ ಹೊತ್ತಿಸಬೇಕು. ಹೊತ್ತಿಕೊಳ್ಳದೇ ಹೋದ್ರೆ ಅವರಿಗೆ ಉಳಿಯೋದು ವಿಮಾನದಲ್ಲಿರೋ ಇಂಥದೇ ಸೀಟೊಂದೇ. ಅದಕ್ಕೇ ಕೇಳ್ತಿದ್ದೀನಿ. ಬೆಳಿಗ್ಗೆ ಕೂತಿದ್ದವರು ನೀವು. ಎಡಗಡೆ ಸಡಿಲ ಇತ್ತಾ?"

ಕತ್ತಲಲ್ಲಿ ಅವನು ತನ್ನ ಎಡಹೆಗಲನ್ನು ಹುಡುಕಿದ.

ಫಿಟ್ಟರ್‌ನ ಬಾಯಿಯ ಚಹಾ ನೆನಪಿಗೆ ಬಂತು. ಬಲಹೆಗಲು ಒತ್ತಿದ್ದು ನೆನಪಿಗೆ ಬಂತು. ಕೆಂಪು ರಿಬ್ಬನ್ನು ಅಲ್ಲಾಡಿದ್ದು ಈಗಲೂ ಅಲ್ಲಾಡುತ್ತಿದೆಯೋ ಎಂಬಷ್ಟು ಚೆನ್ನಾಗಿ ನೆನಪಿತ್ತು. ಅಲ್ಲಿಂದ ಮುಂದೆ ಏನೂ ಇರಲಿಲ್ಲ. ಎಡಹೆಗಲು ಇರಬೇಕಾದ ಜಾಗದಲ್ಲಿ ಬರೀ ಬಯಲು. ಬಿಗಿದಿತ್ತೋ, ಸಡಿಲಿತ್ತೋ, ಬೆಲ್ಟು ಎಂಬುದೊಂದು ಇತ್ತೋ. ಓದಿದ ಲೆಕ್ಕಗಳು ಒಂದೂ ಮರೆತಿರಲಿಲ್ಲ. ಕಾಲೇಜಿನಲ್ಲಿ ಪದಕ ಕೊಟ್ಟ ದಿನ ಹಾಕಿಕೊಂಡ ಅಂಗಿಯ ಬಣ್ಣ ಮರೆತಿರಲಿಲ್ಲ. ಇವತ್ತು ಬೆಳಿಗ್ಗೆ ತನ್ನ ಮೈಗೆ ಏನಾಯಿತೆಂದು ಕೇಳಿದರೆ ಒಳಗಿಂದ ಓಗೊಡುವವರು ಯಾರೂ ಇರಲಿಲ್ಲ.

ನಿಜವೆಂದರೆ ಇಷ್ಟೇ: ನನಗೆ ಗೊತ್ತಿಲ್ಲ, ನಾನು ಹೆದರಿದ್ದೆ.

ಹೇಳುವುದಕ್ಕೆ ಒಂದು ಉಸಿರು ಸಾಕಿತ್ತು. ಹೇಳಿದ್ದರೆ, ತಪ್ಪು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದ ಸೀಟಿನಲ್ಲಿ ಯಾರನ್ನೂ ಕೂರಿಸುವಂತಿರಲಿಲ್ಲ. ಹಾರಾಟ ನಿಲ್ಲುತ್ತಿತ್ತು. ಆದರೆ ಅದಕ್ಕೆ ಮುಂಚೆ ಮುಖ್ಯಸ್ಥರು ಒಂದು ಕ್ಷಣ ಸುಮ್ಮನೆ ಅವನನ್ನು ನೋಡುತ್ತಿದ್ದರು. ಪಿನ್ನು ಇತ್ತಲ್ಲ, ಎನ್ನುತ್ತಿದ್ದರು. ಆ ಒಂದು ಕ್ಷಣ ಅವನ ಕಣ್ಣೆದುರು ಗುಡ್ಡದಂತೆ ನಿಂತಿತು. ಅದರಾಚೆ ಏನಿದೆ ಎಂದು ಕಾಣಲಿಲ್ಲ.

"ಸ್ವಲ್ಪ... ಸಡಿಲ ಇತ್ತೇನೋ," ಎಂದ.

"ಇತ್ತು."

"ಇದ್ದಿರಬಹುದು ಅಂತ."

"ಇತ್ತು ಅಂತಾಯ್ತು." ಮುಖ್ಯಸ್ಥರು ದೀಪ ಹಾಕಿದರು. ಬೆಳಕಿನಲ್ಲಿ ಅವರ ಮುಖ ಹಗುರವಾಗಿತ್ತು. "ನೀವು ಬೆಳಿಗ್ಗೇನೇ ಫಿಟ್ಟರ್‌ಗೆ ಹೇಳ್ಬೇಕಿತ್ತು. ಇರ್ಲಿ. ನಿಮ್ಮಂಥವರು ಜೋರು ಮಾಡಿ ಹೇಳಲ್ಲ, ಅದೇ ತೊಂದ್ರೆ. ಮನೆಗೆ ಹೋಗಿ, ಕತ್ತಿಗೆ ರೆಸ್ಟ್ ಕೊಡಿ." ತಮ್ಮ ಮಾತಿಗೆ ತಾವೇ ನಕ್ಕರು.

ಹೊರಗೆ ಫಿಟ್ಟರ್ ಕೈ ತೊಳೆಯುತ್ತಿದ್ದ. ಇವನನ್ನು ಕಂಡು ನಲ್ಲಿ ನಿಲ್ಲಿಸಿದ. ಸುದ್ದಿ ಆಗಲೇ ತಲುಪಿತ್ತು. ಇಂಥ ಕಡೆ ಸುದ್ದಿಗೂ ರಾಕೆಟ್ಟು ಕಟ್ಟಿರುತ್ತದೆ.

"ನಾನು ಕೇಳಿದ್ನಲ್ಲ ಸಾರ್. ಇನ್ನೊಂದ್ಸಲ ಎಳೀಲಾ ಅಂತ."

"ನೀನು ಕೇಳಿದ್ದೆ."

"ಸರಿ ಇದೆ ಅಂದ್ರಲ್ಲ."

"ಅಂದೆ."

ಫಿಟ್ಟರ್ ಇನ್ನೂ ಏನೋ ಬರಲಿದೆ ಎಂದು ಕಾದ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ಯಾಂಟಿಗೆ ಕೈ ಒರೆಸಿಕೊಂಡು, "ಆಯ್ತು ಬಿಡಿ. ತಮ್ಮಯ್ಯನ್ನ ಕೇಳಿದ್ರೆ ಅವನೇ ಹೇಳ್ತಿದ್ದ," ಎಂದು ಶೆಡ್ಡಿನೊಳಗೆ ಹೋದ.

ಮನೆಗೆ ಬರುವಾಗ ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂತ. ಬೇಕೆಂದೇ ಎಡಹೆಗಲನ್ನು ಕಂಬಿಗೆ ಒತ್ತಿ ಹಿಡಿದ. ಬಸ್ಸು ಕುಲುಕಿದಾಗ ನೋಯಬೇಕಿತ್ತು; ನೋಯಲಿಲ್ಲ. ಎದುರು ಸೀಟಿನ ಮುದುಕಿ, "ಯಾಕಪ್ಪಾ, ಹುಷಾರಿಲ್ವಾ?" ಎಂದಳು. ಹುಷಾರಾಗಿದ್ದೇನೆ ಎಂದ.

ಹೆಂಡತಿ ಬಾಗಿಲು ತೆರೆದವಳೇ, "ಅಡುಗೆಮನೆ ನಲ್ಲಿ ಮತ್ತೆ ಸೋರ್ತಾ ಇದೆ. ಆಕಾಶಕ್ಕೆ ಸೀಟು ಹಾರಿಸ್ತೀರಿ, ಒಂದು ವಾಷರ್ ಹಾಕೋಕೆ ನಿಮ್ಮ ಕೈಲಿ ಆಗಲ್ಲ," ಎಂದಳು. ಆಮೇಲೆ ಮುಖ ನೋಡಿ, "ಪರೀಕ್ಷೆ ಏನಾಯ್ತು?" ಎಂದಳು.

"ಆಯ್ತು."

"ಆಯ್ತು ಅಂದ್ರೆ?"

"ಮುಗೀತು."

ಅವಳು ಅವನನ್ನೇ ನೋಡುತ್ತಾ ನಿಂತಳು. ಇಷ್ಟು ವರ್ಷದಲ್ಲಿ ಅವನ ಇಂಥ ಉತ್ತರಗಳಿಗೆ ಒಗ್ಗಿಹೋಗಿದ್ದಳು. ಒಗ್ಗಿದ್ದರೂ ಪ್ರತಿಸಲ ಒಂದು ಕ್ಷಣ ಕಾಯುತ್ತಿದ್ದಳು. "ನನ್ನ ತಮ್ಮ ನಾಳೆ ಹಾರ್ತಾನಾ?"

"ಹಾರ್ತಾನೆ."

"ಏನೂ ಭಯ ಇಲ್ಲ ಅಲ್ವಾ?"

ಅವನು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ಒಂದು ಗಂಟು ಬಿಚ್ಚಲು ಅಷ್ಟು ಹೊತ್ತು ಹಿಡಿಯುವುದಿಲ್ಲ. ತಲೆ ಎತ್ತಿದಾಗ ಅವಳು ಒಳಗೆ ಹೋಗಿಯಾಗಿತ್ತು. ನಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

ಸಂಜೆ ಕವಿಯುವ ಹೊತ್ತಿಗೆ ಭಾವಮೈದ ಬಂದ. ಹೆಂಡತಿಯ ತಮ್ಮ. ವಿಮಾನ ಓಡಿಸುವವನು. ಅವನ ಹೆಂಡತಿ ಕೆಲಸದ ಮೇಲೆ ಪರವೂರಿಗೆ ಹೋಗಿದ್ದಳು. ಬೆಳಗಾಗುವ ಮೊದಲೇ ತಾನು ವಿಮಾನ ನಿಲ್ದಾಣದಲ್ಲಿರಬೇಕಾದ್ದರಿಂದ ಮಗಳನ್ನು ಅಕ್ಕನ ಮನೆಯಲ್ಲಿ ಬಿಡಲು ಬಂದಿದ್ದ. ಮಗು ಕಾರಿನ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿತ್ತು.

"ಒಳಗೆ ಬಾರೋ, ಊಟ ಮಾಡ್ಕೊಂಡು ಹೋಗು," ಎಂದಳು ಅಕ್ಕ.

"ಬೇಡ ಅಕ್ಕಾ. ಹೊಟ್ಟೆ ಭಾರ ಆದ್ರೆ ನಾಳೆ ವಿಮಾನ ಏಳಲ್ಲ, ಆಮೇಲೆ ಭಾವನ ಸೀಟಿಗೆ ಕೆಟ್ಟ ಹೆಸರು."

ಅವಳು ನಗುತ್ತಾ ಮಗುವಿಗೆ ಹಾಸಿಗೆ ಹಾಸಲು ಒಳಗೆ ಹೋದಳು. ಗೇಟಿನ ಹತ್ತಿರ ಇಬ್ಬರೇ ಉಳಿದರು. ಭಾವಮೈದ ಕಾರಿನ ಬಾಗಿಲಿಗೆ ಒರಗಿ ನಿಂತ. ಗಟ್ಟಿಮುಟ್ಟಾದ ಆಳು, ಕತ್ತು ಮಾತ್ರ ತೆಳ್ಳಗೆ, ಉದ್ದಕ್ಕೆ, ಇನ್ನೂ ಕಾಲೇಜಿಗೆ ಹೋಗುವವನ ಕತ್ತಿನಂತಿತ್ತು. ಇದನ್ನು ಈವರೆಗೆ ಗಮನಿಸಿರಲಿಲ್ಲ.

"ಭಾವ, ನಿಮ್ಮ ತಮ್ಮ ಕತ್ತು ಮುರ್ಕೊಂಡನಂತೆ."

"ಹೂಂ."

"ಬೆಲ್ಟು ಸಡಿಲ ಇತ್ತಂತೆ. ನೀವೇ ಹೇಳಿದ್ರಂತೆ."

"ಹೂಂ."

"ಅಷ್ಟೇ ತಾನೆ?"

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅವನೂ ಹೆದರಿದ್ದಾನೆ ಎಂಬುದು ಥಟ್ಟನೆ ಹೊಳೆಯಿತು. ಹೆದರಿದವನು ಹೆದರಿದವನನ್ನು ಕೇಳುತ್ತಿದ್ದ. ಇಲ್ಲಿ, ಈ ಗೇಟಿನ ಬಳಿ, ಆ ಮಾತು ಹೇಳುವುದು ಎಷ್ಟು ಸುಲಭ. ಇವನು ನಗುವುದಿಲ್ಲ. ಇವನಿಗೆ ಅರ್ಥವಾಗುತ್ತದೆ. ಹೇಳಿದರೆ ಇವನು ಹಾರುವುದಿಲ್ಲ.

"ಬೆಳಿಗ್ಗೆ ನಾನು ಆ ಸೀಟಲ್ಲಿ ಕೂತಾಗ..." ಎಂದ.

"ಹೇಳಿ ಭಾವ."

ಬೆಳಿಗ್ಗೆ ಆದದ್ದು ಬರೀ ಹೆದರಿಕೆ. ಈಗ ಹೇಳಿದರೆ ಮಧ್ಯಾಹ್ನ ಸುಳ್ಳು ಹೇಳಿದ್ದೂ ಸೇರುತ್ತದೆ. ಫಿಟ್ಟರ್ ಸೇರುತ್ತಾನೆ. ಬೆಳಗಿನಿಂದ ಒಂದರ ಮೇಲೊಂದು ಪೇರಿಸಿಟ್ಟದ್ದೆಲ್ಲ ಒಟ್ಟಿಗೇ ಬೀಳುತ್ತದೆ.

"ಎಡಗಡೆದು ಸ್ವಲ್ಪ ಬಿಗಿಯಾಗೇ ಕಟ್ಟಿಸ್ಕೋ. ಅಷ್ಟೇ."

ಭಾವಮೈದ ಬಹಳ ಹೊತ್ತು ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟ. "ಅಬ್ಬಾ! ಮುಖ ನೋಡಿ ನಾನು ಇನ್ನೇನೋ ಅಂದ್ಕೊಂಡೆ. ನೀವು ಕೂತು ಎದ್ದ ಸೀಟು ಅಂದ್ರೆ ನನಗೆ ಧೈರ್ಯ ಭಾವ. ನಿಜವಾಗ್ಲೂ." ಅವನು ಬಗ್ಗಿ ಹಿಂದಿನ ಸೀಟಿನಿಂದ ಮಗಳನ್ನು ಎತ್ತಿದ. "ತಗೊಳ್ಳಿ. ತಲೆ ಹಿಡ್ಕೊಳ್ಳಿ, ತಲೆ. ನಿದ್ದೇಲಿ ಇವಳಿಗೆ ಕತ್ತು ನಿಲ್ಲಲ್ಲ."

ಮಗು ಅವನ ಎಡಹೆಗಲಿಗೆ ಬಂತು. ಕಾರು ಹೊರಟಿತು. ತಿರುವಿನಲ್ಲಿ ಹಿಂದಿನ ಕೆಂಪು ದೀಪ ಒಮ್ಮೆ ಹೊಳೆದು ಇಲ್ಲವಾಯಿತು.

ಅವನು ಒಳಗೆ ಹೋಗಬೇಕಿತ್ತು. ಒಂದು ಹೆಜ್ಜೆ ಇಟ್ಟು ನಿಂತ. ಹೆಗಲ ಮೇಲೆ ಭಾರ ತಿಳಿಯಲಿಲ್ಲ. ಬಿಸಿ ತಿಳಿಯಲಿಲ್ಲ. ಕೈಯಲ್ಲಿ ಹಿಡಿದಿದ್ದೇನೆ ಎಂಬುದು ಗೊತ್ತಿತ್ತು, ಹಿಡಿದದ್ದು ಗೊತ್ತಾಗಲಿಲ್ಲ. ಜಾರುತ್ತಿದೆಯೋ ಏನೋ ಎಂದು ಬಿಗಿಯಾಗಿ ಅವುಚಿಕೊಂಡ.

"ನೋಯುತ್ತೆ ಮಾವಾ," ಎಂದಿತು ಮಗು ನಿದ್ದೆಯೊಳಗಿಂದ.

ಸಡಿಲಿಸಿದ. ಸಡಿಲಿಸಿದ ಕೂಡಲೇ ಜಾರಿತೆನಿಸಿತು. ಮತ್ತೆ ಬಿಗಿ ಹಿಡಿದ. ಮಗು ಮುಲುಗಿತು. ಎಷ್ಟು ಬಿಗಿದರೆ ಸರಿ ಎಂದು ಹೇಳುವವರು ಯಾರೂ ಇರಲಿಲ್ಲ.

"ರೀ," ಎಂದು ಒಳಗಿಂದ ಹೆಂಡತಿ ಕೂಗಿದಳು, "ಸರಿಯಾಗಿ ಹಿಡ್ಕೊಂಡಿದ್ದೀರಾ?"

ಅವನು ಬಾಯಿ ತೆರೆದ.

ಬೀದಿಯ ದೀಪ ಹತ್ತಿಕೊಂಡಿತು. ಎದುರು ಮನೆಯ ಬಿಳೀ ಗೋಡೆಯ ಮೇಲೆ ನೆರಳು ಬಿತ್ತು. ಒಂದೇ ಮೈ, ಎರಡು ತಲೆ. ಒಂದು ನೆಟ್ಟಗಿತ್ತು. ಇನ್ನೊಂದು ಪಕ್ಕಕ್ಕೆ ಜೋತುಬಿದ್ದಿತ್ತು. ಅವುಗಳಲ್ಲಿ ತನ್ನದು ಯಾವುದೆಂದು ತಿಳಿಯಬೇಕಾದರೆ ತಲೆ ಅಲ್ಲಾಡಿಸಿ ನೋಡಬೇಕಿತ್ತು. ಅಲ್ಲಾಡಿಸಲು ಅವನಿಗೆ ಧೈರ್ಯವಾಗಲಿಲ್ಲ.